ಮೂರು ಬಾಗಿಲು, ಒಂದು ಮೇಣದ ಬತ್ತಿ

ಬಾಗಿಲು ಮುಳುಗುತ್ತಿದೆ. ಅದರ ಮೇಲೆ ಮನುಷ್ಯ ನಿಂತಿದ್ದಾನೆ.

ಸುತ್ತ ಕಗ್ಗತ್ತಲು. ಕೈಯಲ್ಲಿ ಮೇಣದ ಬತ್ತಿ. ಕೆಳಗೆ ಐದಾರು ಅಡಿ ಆಳದ ಕೊಚ್ಚೆ. ಜೆರುಸಲೇಂ ನಗರದ ಹೊಲಸು ಹರಿದು ಬಂದು ಇಲ್ಲಿ ಮಡುಗಟ್ಟಿದೆ. ಅದು ನೀರಲ್ಲ, ಕೆಸರೂ ಅಲ್ಲ. ಮರ ಅದರ ಮೇಲೆ ತೇಲುವುದಿಲ್ಲ, ಇಟ್ಟ ತಕ್ಷಣ ಮುಳುಗುವುದೂ ಇಲ್ಲ. ಒಂದೆರಡು ನಿಮಿಷ ತಾಳುತ್ತದೆ. ಅಷ್ಟರಲ್ಲಿ ಎಲ್ಲ ಮುಗಿಯಬೇಕು.

ಮೊದಲು ಹಲಗೆ ಹಾಕಿ ನೋಡಿದ್ದರು. ಹನ್ನೆರಡು ಅಡಿ ಹೋಗುವಷ್ಟರಲ್ಲಿ ಜೀವ ಬಾಯಿಗೆ ಬಂದಿತ್ತು. ವಾಪಸು ಬಂದರು. ಎಲ್ಲಿಂದಲೋ ಮೂರು ಹಳೆಯ ಬಾಗಿಲು ಹೊಂದಿಸಿದರು. ಒಂದನ್ನು ಹಾಸಿದರು, ಅದರ ಮುಂದೆ ಇನ್ನೊಂದು. ಒಬ್ಬೊಬ್ಬರು ಒಂದೊಂದರ ಮೇಲೆ ನಿಂತರು. ಹಿಂದಿನದನ್ನು ಕಿತ್ತು ಮುಂದಕ್ಕೆ ದಾಟಿಸಬೇಕು, ಹಾಸಬೇಕು, ಹತ್ತಬೇಕು, ಮತ್ತೆ ಕೀಳಬೇಕು. ಕೊಚ್ಚೆ ಬಾಗಿಲನ್ನು ಹೀರಿ ಹಿಡಿಯುತ್ತದೆ. ಕೀಳಲು ಬಲ ಹಾಕಿದರೆ ಕಾಲಡಿಯದು ಈ ಮಗ್ಗುಲಿಗೆ ವಾಲುತ್ತದೆ. ಸರಿಪಡಿಸಲು ಹೋದರೆ ಆ ಮಗ್ಗುಲಿಗೆ. ಬಾಗಿಲು, ಕೈ, ಬೂಟು, ಎಲ್ಲಕ್ಕೂ ಲೋಳೆ ಮೆತ್ತಿದೆ. ಒಂದು ಹೆಜ್ಜೆ ತಪ್ಪಿದರೆ ತಲೆ ಕೆಳಗಾಗಿ ಒಳಗೆ.

ಇದ್ದವರು ಇಬ್ಬರು. ಒಬ್ಬ 27ರ ಹರೆಯದ ಲೆಫ್ಟಿನೆಂಟ್ ಚಾರ್ಲ್ಸ್ ವಾರನ್. ಇನ್ನೊಬ್ಬ ಕಾರ್ಪೊರಲ್ ಆಗಿ ಬಂದು ಸಾರ್ಜೆಂಟ್ ಆದ ಬರ್ಟಲ್ಸ್. ಇಬ್ಬರೂ ಬ್ರಿಟಿಷ್ ಸೇನೆಯ ರಾಯಲ್ ಎಂಜಿನಿಯರ್ಸ್ ದಳದವರು. ಯುದ್ಧ ಇಲ್ಲ, ಶತ್ರು ಇಲ್ಲ. ಎರಡು ಸಾವಿರ ವರ್ಷ ಹಿಂದಿನ ಒಂದು ಕಲ್ಲಿನ ಓಣಿ ಎಲ್ಲಿಗೆ ಹೋಗುತ್ತದೆ ಎಂದು ನೋಡಬೇಕಿತ್ತು. ಅದಕ್ಕೇ ಇಷ್ಟೆಲ್ಲ.

ನೋಡಿದರು. ಅಳೆದರು. ನಕ್ಷೆಗೆ ಇಳಿಸಿದರು. ಬಾಗಿಲು ಹಾಸುತ್ತಲೇ ವಾಪಸು ಬಂದರು. ಮರುದಿನಕ್ಕೆ ಬೇರೆ ಗುಂಡಿ ಕಾದಿತ್ತು.

ಇಂಥವರ ಎದೆಗೆ ಸೇನೆ ಏನು ಸಿಕ್ಕಿಸುತ್ತಿತ್ತು? ಒಂದು ಬೆಳ್ಳಿ ಬಿಲ್ಲೆ. 1830ರಲ್ಲಿ ನಾಲ್ಕನೆಯ ವಿಲಿಯಂ ದೊರೆ ಶುರು ಮಾಡಿದ ದೀರ್ಘ ಸೇವೆ ಮತ್ತು ಸನ್ನಡತೆಯ ಪದಕ. ಕಡುಗೆಂಪು ಪಟ್ಟಿ. ಮುಂದೆ ಆಯುಧ, ಬಾವುಟಗಳ ರಾಶಿ, ನಡುವೆ ರಾಜಲಾಂಛನ. ವಿಕ್ಟೋರಿಯಾ ರಾಣಿ ಅರವತ್ತು ವರ್ಷಕ್ಕೂ ಮೇಲೆ ಆಳಿದಳು, ಈ ಬಿಲ್ಲೆಯ ಮೇಲೆ ಅವಳ ಮುಖ ಬರಲೇ ಇಲ್ಲ. ಜೊತೆಗೆ ಸಣ್ಣದೊಂದು ಇನಾಮು. ಕಾಲಾಳಾದರೆ 21 ವರ್ಷ ದುಡಿಯಬೇಕು, ಕುದುರೆ ಸವಾರನಾದರೆ 24. 1870ರಲ್ಲಿ ಅದನ್ನು 18ಕ್ಕೆ ಇಳಿಸಿದರು. ಅಧಿಕಾರಿಗಳಿಗೆ ಆಗ ಇದು ಇರಲಿಲ್ಲ. ಸಿಪಾಯಿ, ಕಾರ್ಪೊರಲ್, ಸಾರ್ಜೆಂಟ್‌ಗಳಿಗೆ ಮಾತ್ರ.

ಪದಕ ಎಣಿಸುತ್ತಿದ್ದುದು ಎರಡನ್ನೇ: ಎಷ್ಟು ವರ್ಷ, ಎಷ್ಟು ತಪ್ಪು. ಕುಡಿದು ಸಿಕ್ಕಿಬಿದ್ದನೇ? ಹೇಳದೆ ಕೇಳದೆ ಹೋದನೇ? ಮೇಲಿನವರಿಗೆ ಎದುರಾಡಿದನೇ? ಇಲ್ಲದಿದ್ದರೆ ಸರಿ. ಆ ಹದಿನೆಂಟು ವರ್ಷ ಅವನು ಉಗ್ರಾಣದ ಬಾಗಿಲು ಕಾದನೋ, ಕೊಚ್ಚೆಯ ಮೇಲೆ ಬಾಗಿಲು ಹಾಸಿದನೋ, ಲೆಕ್ಕ ಒಂದೇ. ನನಗಂತೂ ಈ ಲೆಕ್ಕ ಒಪ್ಪುವುದಿಲ್ಲ. ಜೆರುಸಲೇಮಿನ ಆ ಮೂರು ವರ್ಷ ನೋಡಿ, ನಿಮಗೂ ಒಪ್ಪಲಿಕ್ಕಿಲ್ಲ.

1867ರ ಫೆಬ್ರವರಿ. ವಾರನ್ ಜಾಫಾ ಬಂದರಿನಲ್ಲಿ ಇಳಿದ. ಜೊತೆಗೆ ಮೂವರು ಕಾರ್ಪೊರಲ್‌ಗಳು: ಬರ್ಟಲ್ಸ್, ಫಿಲಿಪ್ಸ್, ಹ್ಯಾನ್‌ಕಾಕ್. ಫಿಲಿಪ್ಸ್ ಛಾಯಾಗ್ರಾಹಕ. ಕಳಿಸಿದ್ದು ಲಂಡನ್ನಿನ ಪ್ಯಾಲೆಸ್ಟೈನ್ ಎಕ್ಸ್‌ಪ್ಲೊರೇಷನ್ ಫಂಡ್, ಹುಟ್ಟಿ ಎರಡೇ ವರ್ಷದ ಸಂಸ್ಥೆ. ಕೆಲಸ: ಬೈಬಲ್ಲಿನ ಜೆರುಸಲೇಂ ನೆಲದ ಕೆಳಗೆ ಎಲ್ಲಿದೆ, ಹುಡುಕಬೇಕು.

ಎಂಜಿನಿಯರ್ ಸಿಪಾಯಿ ಎಂದರೆ ಬಂದೂಕು ಹಿಡಿದ ಕೂಲಿಯಲ್ಲ. ಒಬ್ಬ ಬಡಗಿ, ಒಬ್ಬ ಕಲ್ಲುಕುಟಿಗ, ಒಬ್ಬ ಕಮ್ಮಾರ; ಕಸುಬು ಗೊತ್ತಿದ್ದವನನ್ನೇ ಆರಿಸಿ, ಇಂಗ್ಲೆಂಡಿನ ಚಾಥಮ್ಮಿನಲ್ಲಿ ತಿದ್ದಿ ಕಳಿಸುತ್ತಿದ್ದರು. 1856ರವರೆಗೆ ಇವರ ಪಡೆಯ ಹೆಸರೇ ಬೇರೆ, ರಾಯಲ್ ಸ್ಯಾಪರ್ಸ್ ಅಂಡ್ ಮೈನರ್ಸ್. ಬೆಂಗಳೂರಿನ ಹಲಸೂರು ಕೆರೆಯ ಪಕ್ಕ ಇವತ್ತೂ ಇರುವ ಮದ್ರಾಸ್ ಸ್ಯಾಪರ್ಸ್‌ನದೂ ಅದೇ ಕಸುಬು: ಸೇತುವೆ ಕಟ್ಟು, ಕೋಟೆಯ ಬುಡ ಕೊರೆ, ದಾರಿ ಇಲ್ಲದ ಕಡೆ ದಾರಿ ಮಾಡು.

ದಾರಿ ಮಾಡಲು ಹೊರಟವರಿಗೆ ಮೊದಲ ದಿನದಿಂದಲೇ ದಾರಿ ಮುಚ್ಚಿತು.

ಜೆರುಸಲೇಂ ಆಗ ತುರ್ಕರ ಆಳ್ವಿಕೆಯಲ್ಲಿತ್ತು. ಇಸ್ತಾಂಬುಲ್ಲಿನಿಂದ ಬಂದ ಅನುಮತಿ ಪತ್ರ ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡಿತ್ತು. ಅಗೆಯಬಹುದು. ಆದರೆ ಅಲ್-ಅಕ್ಸಾ ಮಸೀದಿ ಇರುವ ಹರಮ್ ಅಲ್-ಶರೀಫ್ ಆವರಣದಲ್ಲಿ ಕೂಡದು. ಮುಸ್ಲಿಮರ, ಕ್ರೈಸ್ತರ ಪವಿತ್ರ ಸ್ಥಳಗಳಲ್ಲಿ ಕೂಡದು. ಜೆರುಸಲೇಮಿನಲ್ಲಿ ಪವಿತ್ರವಲ್ಲದ ಗೇಣು ನೆಲ ಎಲ್ಲಿದೆ?

ವಾರನ್ ಆ ಆವರಣದ ದಕ್ಷಿಣದ ಗೋಡೆಯ ಬುಡದಲ್ಲೇ ಶುರುಮಾಡಿದ. ಸುತ್ತಿಗೆ ಬಿತ್ತು. ಮೇಲೆ ಅಲ್-ಅಕ್ಸಾ ಮಸೀದಿಯಲ್ಲಿ ಪ್ರಾರ್ಥನೆ. ಸದ್ದು ಗೋಡೆ ಹತ್ತಿತು. ಪ್ರಾರ್ಥನೆಗೆ ಬಂದವರು ಕೆರಳಿದರು. ಕಲ್ಲು ತೂರಿಬಂದವು. ಊರಿನ ಆಡಳಿತಗಾರ ಪಾಷಾನ ಆಜ್ಞೆ ಬಂತು: ನಿಲ್ಲಿಸಿ. ಕಲ್ಲು ತೂರಿದವರನ್ನು ದೂರುವಂತಿಲ್ಲ. ಪರದೇಶದ ಸೇನಾಧಿಕಾರಿಯೊಬ್ಬ ನಿಮ್ಮ ಗುಡಿಯ ತಳಪಾಯಕ್ಕೆ ಸುತ್ತಿಗೆ ಹಾಕಿದರೆ ನೀವೇನು ಹಾರ ಹಾಕುತ್ತೀರಾ?

ಆದರೆ ವಾರನ್ ಸ್ಯಾಪರ್. ಮೇಲಿನ ದಾರಿ ಮುಚ್ಚಿದರೆ ಕೆಳಗಿನಿಂದ ಹೋಗುವುದೇ ಅವನ ವಿದ್ಯೆ.

ಗೋಡೆಯಿಂದ ದೂರದಲ್ಲಿ ಖಾಸಗಿ ನೆಲ ಬಾಡಿಗೆಗೆ ಹಿಡಿದ. ಅಲ್ಲಿ ನೆಟ್ಟಗೆ ಗುಂಡಿ ತೋಡಿದ. ಆಳಕ್ಕೆ ಇಳಿದ ಮೇಲೆ ಗೋಡೆಯ ಕಡೆಗೆ ಅಡ್ಡ ಸುರಂಗ ಹೊಡೆದ. ಶತ್ರುವಿನ ಕೋಟೆ ಹಾರಿಸಲು ಕಲಿತ ಪಾಠ ಇಲ್ಲಿ ಗೋಡೆಯ ಬುಡ ನೋಡಲು ಬಳಕೆಯಾಯಿತು. ಗುಂಡಿ ಒಬ್ಬ ಆಳು ಕಷ್ಟಪಟ್ಟು ಇಳಿಯುವಷ್ಟು ಅಗಲ. ಒಳಗೆ ಮರದ ಚೌಕಟ್ಟು. ನಾಲ್ಕು ಹಲಗೆ ಜೋಡಿಸು, ಮಣ್ಣು ತೆಗೆ, ಮತ್ತೆ ನಾಲ್ಕು ಜೋಡಿಸು. ಮರಕ್ಕೆ ಆ ಊರಿನಲ್ಲಿ ಬರ. ದುಡ್ಡಿಗೆ ಅದಕ್ಕಿಂತ ಬರ. ಲಂಡನ್ನಿನವರದು ಫಲ ತೋರಿಸು, ಹಣ ಕಳಿಸುತ್ತೇವೆ ಎಂಬ ಧಾಟಿ. ವಾರನ್ ತನ್ನ ಜೇಬಿಗೇ ಕೈ ಹಾಕಿದ. ಹಗ್ಗದ ಏಣಿ ಇಳಿಬಿಟ್ಟ. ಸುತ್ತಲಿನ ಹಳ್ಳಿಗಳ ರೈತರು ಮಂಕರಿಯಲ್ಲಿ ಮಣ್ಣು ಹೊತ್ತರು.

ಕೋಲಾರದ ಚಿನ್ನದ ಗಣಿಯ ಆಳ ಕೇಳಿ ಬೆಳೆದ ನಮಗೆ ಇಲ್ಲಿನ 80 ಅಡಿಯ ಗುಂಡಿ ಒಂದು ಲೆಕ್ಕವೇ ಅನಿಸಬಹುದು. ಗಣಿ ಬಂಡೆಯೊಳಗೆ ಇಳಿಯುತ್ತದೆ, ಬಂಡೆ ನಿಲ್ಲುತ್ತದೆ. ಇಲ್ಲಿ ಬಂಡೆ ಇಲ್ಲ. ನಗರಗಳು ಬಿದ್ದು, ಬಿದ್ದ ಮೇಲೆ ಮತ್ತೆ ನಗರಗಳು ಬಿದ್ದು ಆದ ರಾಶಿ. ಅದರ ನಡುವೆ ಜಲ್ಲಿಯ ಪದರ. ಹಳೆಯ ಕಾಲದ ಕಲ್ಲುಕುಟಿಗರು ಕೆತ್ತಿ ಎಸೆದ ಚಕ್ಕೆಗಳು. ಅವುಗಳ ನಡುವೆ ಅಂಟು ಮಣ್ಣಿಲ್ಲ. ಪಿಕಾಸಿ ತಾಗಿದರೆ ಸಾಕು, ಗೋಡೆ ಬಾಯಿ ಬಿಡುತ್ತದೆ. ಜಲ್ಲಿ ನೀರಿನಂತೆ ಸುರಿಯುತ್ತದೆ. ನಿಲ್ಲಿಸಲು ಅಡ್ಡ ಹಲಗೆ ಇಡುವಷ್ಟರಲ್ಲಿ ಮಂಡಿಯವರೆಗೆ ಬಂದಿರುತ್ತದೆ.

ಆಗ್ನೇಯ ಮೂಲೆಯಲ್ಲಿ ಸುಮಾರು 80 ಅಡಿ ಇಳಿದರು. ಗೋಡೆಯ ಕಟ್ಟಕಡೆಯ ಸಾಲು ಬಂತು. ಅದು ನೇರ ಬಂಡೆಯ ಮೇಲೆ ಕೂತಿತ್ತು. ಬತ್ತಿ ಹಿಡಿದು ನೋಡಿದರೆ ಕಲ್ಲಿನ ಮೇಲೆ ಕೆಂಪು ಬಣ್ಣದ ಗುರುತುಗಳು. ಕಲ್ಲು ಕಟ್ಟಿದ ಗಾರೆಯವರು ಬಳಿದದ್ದು, ಅಳಿಸದೆ ಹಾಗೇ ಉಳಿದಿತ್ತು. ಈಶಾನ್ಯದ ಕಡೆ ಗುಂಡಿ ಇನ್ನೂ ಆಳ ಹೋಯಿತು, ನೂರು ಅಡಿ ದಾಟಿತು. ಮೇಲೆ ಕಾಣುವ ಗೋಡೆ ಅರ್ಧ ಮಾತ್ರ, ಉಳಿದರ್ಧ ಮಣ್ಣಿನಲ್ಲಿ ಹೂತಿದೆ ಎಂದು ಜಗತ್ತಿಗೆ ಗೊತ್ತಾದದ್ದು ಆಗ.

ನೋಡಲು ಜನ ಬರತೊಡಗಿದರು. ವಾರನ್ ಮೆಗ್ನೀಸಿಯಂ ತಂತಿ ಹೊತ್ತಿಸುತ್ತಿದ್ದ. ಬೆಳ್ಳಗೆ ಬೆಳಕು ಚಿಮ್ಮುತ್ತಿತ್ತು, ಎರಡು ಸಾವಿರ ವರ್ಷ ಬಿಸಿಲು ಕಾಣದ ಕಮಾನುಗಳು ಎದ್ದು ನಿಲ್ಲುತ್ತಿದ್ದವು. 1869ರಲ್ಲಿ ವಿಲಿಯಂ ಸಿಂಪ್ಸನ್ ಎಂಬ ಚಿತ್ರಕಾರ ಇಳಿದು ಬಂದು ಅದನ್ನೇ ಬರೆದ. ಕಲಾವಿದರಿಗೂ ಧೈರ್ಯವಿತ್ತು ಅನ್ನಿ.

ಇದೆಲ್ಲ ಕೈಗೆ ಹತ್ತಿದ ಕೆಲಸ. ಕೈಗೆ ಹತ್ತದ ಕೆಲಸ ಕಿದ್ರೋನ್ ಕಣಿವೆಯಲ್ಲಿ ಕಾದಿತ್ತು.

ಗೋಡೆಯ ಹೊರಗೆ, ಕಣಿವೆಯ ಇಳಿಜಾರಿನಲ್ಲಿ ಗಿಹೋನ್ ಬುಗ್ಗೆ. ಹಳೆಯ ಜೆರುಸಲೇಮಿನ ಪ್ರಾಣವೇ ಅದು. 1867ರ ಅಕ್ಟೋಬರ್. ಬುಗ್ಗೆಯ ಹಿಂದಿನ ಕಾಲುವೆಯೊಳಗೆ ತೆವಳಿದ ವಾರನ್ ತಲೆ ಎತ್ತಿದ. ಮೇಲೆ ಬಂಡೆ ಇರಬೇಕಿತ್ತು. ಇರಲಿಲ್ಲ. ಕಪ್ಪು ತೂತು, ನೆಟ್ಟಗೆ ಮೇಲಕ್ಕೆ.

ನಲವತ್ತು ಅಡಿಗೂ ಹೆಚ್ಚು ಎತ್ತರದ ಕೊಳವೆ. ನುಣುಪು ಗೋಡೆ. ಹಿಡಿಯಲು ಗೂಟವಿಲ್ಲ, ಕಾಲಿಡಲು ಗೂಡಿಲ್ಲ. ಬರ್ಟಲ್ಸ್ ಮರ ತಂದ, ಹಗ್ಗ ತಂದ. ಗೋಡೆಯಿಂದ ಗೋಡೆಗೆ ಅಡ್ಡಮರ ಸಿಕ್ಕಿಸಿದರು. ಮೇಲೆ ಹಲಗೆ ಹಾಸಿದರು. ಅಟ್ಟವಾಯಿತು. ಹತ್ತಿದರು. ಮತ್ತೊಂದು ಅಡ್ಡಮರ, ಮತ್ತೊಂದು ಅಟ್ಟ. ಕೆಳಗೆ ನೀರು, ಮೇಲೆ ಕತ್ತಲು. ನಡುವೆ ಇಬ್ಬರ ಭಾರ ಹೊತ್ತದ್ದು ಬೆಣೆ ಹೊಡೆದ ಮರದ ತುಂಡು.

ಕೊಳವೆ ಮುಗಿಯಿತು. ಮೇಲೆ ಓರೆಯಾದ ದಾರಿ. ಅಲ್ಲಿ ತಲೆಯ ಮೇಲೆ ಸಡಿಲ ಕಲ್ಲುಗಳು ತೂಗುತ್ತಿದ್ದವು. ಉಸಿರು ಬಿಗಿಹಿಡಿದು, ಏನನ್ನೂ ಮುಟ್ಟದೆ ತೆವಳಿದರು. ಕಮಾನಿನ ಕೋಣೆಗೆ ಬಂದರು. ಅಲ್ಲಿ ಗಾಜಿನ ದೀಪಗಳಿದ್ದವು, ಇದ್ದಿಲಿತ್ತು. ಯಾರೋ ಎಂದೋ ನೀರಿಗೆ ಇಳಿಯುವ ದಾರಿಗೆ ದೀಪ ಇಟ್ಟು ಹೋಗಿದ್ದರು.

ಬೈಬಲ್ಲಿನ ದಾವೀದ ರಾಜನ ಸೇನಾಪತಿ ಯೋವಾಬ್ ಇದೇ ಕೊಳವೆ ಹತ್ತಿ ಜೆರುಸಲೇಂ ಗೆದ್ದ ಎಂದು ಬಹಳ ಜನ ಆಮೇಲೆ ಹೇಳಿದರು. ಕೊಳವೆ ಪ್ರಕೃತಿಯೇ ಕೊರೆದದ್ದು ಎಂದು ಇತ್ತೀಚಿನ ಪುರಾತತ್ತ್ವಜ್ಞರು ತೋರಿಸಿದ್ದಾರೆ. ಯೋವಾಬ್ ಹತ್ತಿದನೋ ಇಲ್ಲವೋ. ವಾರನ್, ಬರ್ಟಲ್ಸ್ ಹತ್ತಿದ್ದಂತೂ ಖಂಡಿತ.

ಎರಡು ತಿಂಗಳಾಯಿತು. ಡಿಸೆಂಬರ್ ಬಂತು. ಚಳಿ ಕೊರೆಯುತ್ತಿತ್ತು. ಇಬ್ಬರೂ ಮತ್ತೆ ಅದೇ ನೀರಿಗೆ ಇಳಿದರು, ಈ ಬಾರಿ ಇನ್ನೊಂದು ತುದಿಯಿಂದ.

ಗಿಹೋನಿನಿಂದ ಸಿಲೋವಾಂ ಕೊಳಕ್ಕೆ ಬಂಡೆಯೊಳಗೆ ಒಂದು ಸುರಂಗವಿದೆ. ಉದ್ದ 533 ಮೀಟರ್, ಹಳೆಯ ಲೆಕ್ಕದಲ್ಲಿ 1,700 ಅಡಿಗೂ ಹೆಚ್ಚು. ಕ್ರಿಸ್ತಪೂರ್ವ ಎಂಟನೆಯ ಶತಮಾನದಲ್ಲಿ ಅಸ್ಸೀರಿಯದ ದಂಡು ಬರುತ್ತಿದೆ ಎಂದಾಗ ಹಿಜ್ಕೀಯ ರಾಜ ತೋಡಿಸಿದ. ಎರಡೂ ತುದಿಯಿಂದ ಎರಡು ತಂಡ ಕೊರೆಯುತ್ತ ಬಂದು ಬಂಡೆಯ ನಡುವೆ ಸಂಧಿಸಿದವು. ದಿಕ್ಸೂಚಿ ಇಲ್ಲದ ಕಾಲ! ಸುರಂಗ ಹಾವಿನಂತೆ ಹೊರಳುತ್ತದೆ. ವಾರನ್ನನಿಗೆ ಅದರ ಪ್ರತಿ ತಿರುವೂ ಬೇಕು, ಡಿಗ್ರಿ ಸಮೇತ.

ಸಿಲೋವಾಂ ಕಡೆಯಿಂದ ಹೊಕ್ಕರು: ವಾರನ್, ಬರ್ಟಲ್ಸ್, ಒಬ್ಬ ಊರಿನ ರೈತ. ಮೊದಲ ಮುನ್ನೂರು ಚಿಲ್ಲರೆ ಅಡಿ ಸಲೀಸು, ತಲೆಯೆತ್ತಿ ನಡೆದರು. 450 ಅಡಿಯ ಹೊತ್ತಿಗೆ ಚಾವಣಿ ಬಹಳ ಇಳಿಯಿತು. ಬೆನ್ನು ಬಗ್ಗಿತು. ಮುಂದೆ ಇನ್ನೂ ಇಳಿಯಿತು. ಮಂಡಿಯೂರಿದರು. 850 ಅಡಿಯಲ್ಲಿ ಎರಡು ಅಡಿಯೂ ಉಳಿಯಲಿಲ್ಲ. ಹೊಟ್ಟೆಯ ಮೇಲೆ ಮಲಗಿದರು. ಶತಮಾನಗಳ ಹೂಳು ತಳವನ್ನು ಎತ್ತಿಬಿಟ್ಟಿತ್ತು. ನೀರು ಕತ್ತಿನವರೆಗೆ ಬಂದಿತ್ತು.

ವಾರನ್ನನ ಪಾಡು ನೋಡಿ. ಒಂದು ಕೈ ಕೆಸರಿನಲ್ಲಿ ಊರಿದೆ. ಇನ್ನೊಂದು ಕೈಯಲ್ಲಿ ಪೆನ್ಸಿಲ್ಲು, ದಿಕ್ಸೂಚಿ, ಟಿಪ್ಪಣಿ ಪುಸ್ತಕ, ಮೂರೂ. ಉರಿಯುವ ಬತ್ತಿಗೆ ಜಾಗವೆಲ್ಲಿ? ಬಾಯಿಗೆ ಕಚ್ಚಿಕೊಂಡ. ಹಾಗೆಯೇ ಕೋನ ನೋಡಿದ, ಬರೆದ, ತೆವಳಿದ.

ಗಿಹೋನ್ ಸಾಮಾನ್ಯ ಬುಗ್ಗೆಯಲ್ಲ. ಆಗ ಅದು ಬಿಟ್ಟು ಬಿಟ್ಟು ಉಕ್ಕುತ್ತಿತ್ತು. ಯಾವಾಗ ಉಕ್ಕೀತು, ಹೇಳುವಂತಿರಲಿಲ್ಲ. ನೀರು ರಭಸವಾಗಿ ಎದುರು ಬಂತು.

ಅಲ್ಲಿ ಸುರಂಗದ ಎತ್ತರ 1 ಅಡಿ 4 ಅಂಗುಲ. ನೀರು ಒಂದು ಅಡಿ ತುಂಬಿತು. ಉಸಿರಿಗೆ ಉಳಿದದ್ದು ನಾಲ್ಕು ಅಂಗುಲ.

ಹಿಂದೆ ತಿರುಗಲು ಅಗಲವಿಲ್ಲ. ಮುಂದೆ ಎಷ್ಟು ದೂರ ಹೀಗೆ, ಗೊತ್ತಿಲ್ಲ. ಮೂಗನ್ನು ಚಾವಣಿಗೆ ಒತ್ತಿ ಉಸಿರೆಳೆದರು. ತಲೆ ಓರೆ ಮಾಡಿದರು. ಅದೇ ಗಲಿಬಿಲಿಯಲ್ಲಿ ವಾರನ್ ಪೆನ್ಸಿಲ್ಲಿನ ಒಂದು ತುಂಡು ನುಂಗಿಬಿಟ್ಟ! ಗಂಟಲಿಗೆ ಸಿಕ್ಕಿತು. ಕೆಮ್ಮಲು ಬಾಯಿ ತೆರೆದರೆ ನೀರು. ಒಂದೆರಡು ನಿಮಿಷ ಉಸಿರು ಕಟ್ಟಿತು.

ಇಳಿಯಿತು, ಪೆನ್ಸಿಲ್ಲು ಹೊಟ್ಟೆಗೆ. ಚಾವಣಿ ಮೆಲ್ಲಗೆ ಏರಿತು. ಮೂವರೂ ಗಿಹೋನ್ ಕಡೆ ಹೊರಬಿದ್ದರು. ನೀರಿನಲ್ಲಿ ಕಳೆದದ್ದು ಸುಮಾರು ನಾಲ್ಕು ಗಂಟೆ. ಹೊರಗೆ ಕತ್ತಲಾಗಿತ್ತು. ಒಣಬಟ್ಟೆ ಬರುವವರೆಗೆ ಗಡಗಡ ನಡುಗುತ್ತ ನಿಂತರು. ಅಳತೆಯ ಪುಸ್ತಕ ಮಾತ್ರ ಕೈಯಲ್ಲೇ ಇತ್ತು.

ಒಂದು ತಮಾಷೆ. ಅವರು ಹೊಕ್ಕ ಸಿಲೋವಾಂ ಬಾಯಿಯಿಂದ ಕೆಲವೇ ಮೀಟರ್ ಒಳಗೆ, ಸುರಂಗ ತೋಡಿದವರೇ ಕೊರೆಸಿದ ಹೀಬ್ರೂ ಶಾಸನವಿತ್ತು. ಎರಡು ತಂಡಗಳ ಪಿಕಾಸಿ ಹೇಗೆ ಸಂಧಿಸಿತು ಎಂಬ ವರದಿಯೇ ಅದರಲ್ಲಿತ್ತು. ಅಂಗುಲ ಅಂಗುಲ ಅಳೆದ ವಾರನ್ ಅದರ ಪಕ್ಕದಲ್ಲೇ ಹಾದುಹೋದ. ಕಾಣಲಿಲ್ಲ. 1880ರಲ್ಲಿ ನೀರಾಟಕ್ಕೆ ಇಳಿದ ಹುಡುಗನ ಕಣ್ಣಿಗೆ ಬಿತ್ತು. ಈಗ ಅದು ಇಸ್ತಾಂಬುಲ್ಲಿನ ವಸ್ತುಸಂಗ್ರಹಾಲಯದಲ್ಲಿದೆ.

ಜ್ವರ ಬಂತು, ಹೋಯಿತು, ಮತ್ತೆ ಬಂತು. ಗುಂಡಿಗಳು ನಿಲ್ಲಲಿಲ್ಲ. 1870ರಲ್ಲಿ ಕೆಲಸ ಮುಗಿಸಿ ಹೊರಟರು. ಪದಕದ ಅವಧಿಯನ್ನು 18ಕ್ಕೆ ಇಳಿಸಿದ ವರ್ಷವೂ ಅದೇ. ಜೆರುಸಲೇಮಿನ ಮೂರು ವರ್ಷ ಆ ಲೆಕ್ಕದಲ್ಲಿ ಬರೀ ಮೂರು ವರ್ಷ.

ವಾರನ್ ಅಧಿಕಾರಿ, ಅವನ ಲೆಕ್ಕ ಬೇರೆ. 1882ರಲ್ಲಿ ಸಿನಾಯಿ ಮರುಭೂಮಿಯಲ್ಲಿ ಪಾಮರ್ ಎಂಬ ಪ್ರೊಫೆಸರ್ ಮತ್ತು ಅವನ ಇಬ್ಬರು ಸಂಗಾತಿಗಳು ಒಂಟೆ ಕೊಳ್ಳಲು ಹಣ ಹೊತ್ತು ಹೋಗಿ ಕಾಣೆಯಾದರು. ಹುಡುಕಲು ಹೋದವ ವಾರನ್. ಜಾಡು ಹಿಡಿದ, ಕೊಂದವರನ್ನು ಪತ್ತೆ ಮಾಡಿದ, ಅಸ್ಥಿ ತಂದ. 'ಸರ್' ಆದ. 1884–85ರಲ್ಲಿ ನಾಲ್ಕು ಸಾವಿರ ಜನರ ದಂಡು, ಜೊತೆಗೆ ವೀಕ್ಷಣೆಯ ಬಲೂನು ಕಟ್ಟಿಕೊಂಡು ಆಫ್ರಿಕಾದ ಬೆಚುವಾನಾಲ್ಯಾಂಡಿಗೆ ಹೋದ, ಯುದ್ಧವಿಲ್ಲದೆ ಗೆದ್ದ. 1886ರಲ್ಲಿ ಲಂಡನ್ ಪೊಲೀಸ್ ಕಮಿಷನರ್. 1888ರಲ್ಲಿ ಜ್ಯಾಕ್ ದ ರಿಪ್ಪರ್ ಎಂಬ ಕೊಲೆಗಾರ ಆ ಕುರ್ಚಿಯನ್ನು ಅಲುಗಾಡಿಸಿದ. ವಾರನ್ ರಾಜೀನಾಮೆ ಕೊಟ್ಟ.

ಕೊನೆಗೆ ಬಂತು ಸ್ಪಿಯೋನ್ ಕೋಪ್.

1900ರ ಜನವರಿ 23ರ ರಾತ್ರಿ, ದಕ್ಷಿಣ ಆಫ್ರಿಕಾ. ಬೋಯರರ ಜೊತೆ ಬ್ರಿಟಿಷರ ಯುದ್ಧ. ಜನರಲ್ ವಾರನ್ನನ ಸೈನಿಕರು ಮಂಜಿನಲ್ಲಿ ಗುಡ್ಡ ಹತ್ತಿದರು. ಅಗೆಯಲು ಶುರುಮಾಡಿದರು. ಜೊತೆಗಿದ್ದದ್ದು 20 ಪಿಕಾಸಿ, 20 ಸಲಿಕೆ. ಮರಳಿನ ಚೀಲಗಳು ಕೆಳಗೇ ಉಳಿದಿದ್ದವು. ಪಿಕಾಸಿ ಬಂಡೆಗೆ ತಾಗಿ ಕಿಡಿ ಹಾರಿತು. ಕಂದಕ ಎರಡು ಅಡಿಯೂ ಇಳಿಯಲಿಲ್ಲ. ಬೆಳಿಗ್ಗೆ ಮಂಜು ಸರಿಯಿತು. ನೋಡಿದರೆ ಕಂದಕ ತಪ್ಪು ಜಾಗದಲ್ಲಿತ್ತು; ಬೋಯರರ ತೋಪು, ಬಂದೂಕು ಸುತ್ತಲೂ ಬಾಯ್ತೆರೆದಿದ್ದವು. ಜೆರುಸಲೇಮಿನಲ್ಲಿ ನೂರು ಅಡಿ ಅಗೆದವನ ಸೈನಿಕರು ಗೇಣುದ್ದದ ಕಂದಕದಲ್ಲಿ ಸತ್ತರು, ಇನ್ನೂರಕ್ಕೂ ಹೆಚ್ಚು ಜನ. ವಾರನ್ ಗುಡ್ಡದ ಕೆಳಗಿದ್ದ. ಈ ಕಲೆ ಅವನ ಹೆಸರಿನಿಂದ ಹೋಗಲಿಲ್ಲ, ಹೋಗಲೂ ಬಾರದು.

ಆ ಗುಡ್ಡದ ಬುಡದಿಂದ ಗಾಯಾಳುಗಳನ್ನು ಹೊತ್ತು ಮೈಲಿಗಟ್ಟಲೆ ನಡೆದವರಲ್ಲಿ ನಮ್ಮವರೂ ಇದ್ದರು. ಇಂಡಿಯನ್ ಆಂಬ್ಯುಲೆನ್ಸ್ ಕೋರ್, ಅದರಲ್ಲಿ ಬ್ಯಾರಿಸ್ಟರ್ ಗಾಂಧಿ. ಅವರಿಗೂ ಆ ಯುದ್ಧದ ಪದಕ ಬಂತು. 1920ರಲ್ಲಿ ಅವರು ಅದನ್ನು ವೈಸರಾಯ್‌ಗೆ ಹಿಂತಿರುಗಿಸಿದರು.

ವಾರನ್ 1927ರಲ್ಲಿ ತೀರಿಕೊಂಡ, 86ರ ವಯಸ್ಸಿನಲ್ಲಿ. ಗಿಹೋನಿನ ಮೇಲಿನ ಕೊಳವೆ ನಕ್ಷೆಗಳಲ್ಲಿ, ಪುಸ್ತಕಗಳಲ್ಲಿ, ಪ್ರವಾಸಿ ಫಲಕಗಳಲ್ಲಿ ಇವತ್ತಿಗೂ 'ವಾರನ್ಸ್ ಶಾಫ್ಟ್'. ಅಡ್ಡಮರಕ್ಕೆ ಬೆಣೆ ಹೊಡೆದ ಸಾರ್ಜೆಂಟನ ಹೆಸರು ಅದಕ್ಕೆ ಸೇರಲಿಲ್ಲ. ನೀವು ಆ ಕಡೆ ಹೋದರೆ ಮಾರ್ಗದರ್ಶಿಯನ್ನು ಕೇಳಿ, ಬರ್ಟಲ್ಸ್ ಯಾರು ಎಂದು. ಅವನಿಗೆ ಗೊತ್ತಿಲ್ಲದಿದ್ದರೆ ನೀವೇ ಹೇಳಿ.